ಒಳಲಂಗದ ಬಟ್ಟೆಯಲ್ಲಿ ಮದುವೆ

“ಒಳಲಂಗದ ಬಟ್ಟೆಯಲ್ಲಿ ಮದುವೆ ಆಗ್ತೀಯೇನೇ?”

ಮದುವೆಗೆ ಸ್ಯಾಟಿನ್ ಗೌನ್ ಹಾಕ್ತೀನಿ ಅಂದಾಗ ಅಜ್ಜಿ ಕೇಳಿದ್ದು ಇಷ್ಟೇ. ಅವಳದ್ದೇನೂ ತಪ್ಪಿಲ್ಲ. ನಮ್ಮ ತೀರ್ಥಹಳ್ಳಿ ಕಡೆ ಸ್ಯಾಟಿನ್ ಅಂದರೆ ನೆನಪಾಗುವುದು ಒಳಲಂಗ, ರವಿಕೆಯ ಲೈನಿಂಗ್, ಬಿಟ್ಟರೆ ಶಾಲೆಗೆ ಹೋಗುವಾಗ ಎರಡು ಜಡೆ ಮಡಚಿ ಕಟ್ಟುತ್ತಿದ್ದ ರಿಬ್ಬನ್. ಮಳೆಗಾಲದಲ್ಲಿ ಆ ರಿಬ್ಬನ್ ಒಣಗುತ್ತಲೇ ಇರಲಿಲ್ಲ. ಒಲೆ ಮೇಲಿನ ತಂತಿಗೆ ಹಾಕಿ, ಹೊಗೆ ವಾಸನೆ ಹೊಡೆಯುವ ರಿಬ್ಬನ್ ಕಟ್ಟಿಕೊಂಡೇ ಶಾಲೆಗೆ ಹೋಗುತ್ತಿದ್ದೆವು.

ಅಜ್ಜಿ ಮದುವೆಯಾಗಿದ್ದು ಬಿಳಿ ಸೀರೆಯಲ್ಲಿ. ಅಮ್ಮನೂ ಅಷ್ಟೇ. ನಮ್ಮೂರ ಚಿಕ್ಕ ಚರ್ಚಿನಲ್ಲಿ ಗೌನ್ ಶುರುವಾಗಿದ್ದು ನನ್ನ ವಾರಗೆಯವರಿಂದ. ಅದೂ ಹೆಚ್ಚಾಗಿ ನೆಟ್ ಬಟ್ಟೆಯದ್ದು. ಕಲ್ಲು, ಮಣಿ, ಲಂಗದ ಒಳಗೆ ದೊಡ್ಡ ಬಳೆಯಂಥ ಸುತ್ತು ಹಾಕಿ ಕೋಳಿ ಮುಚ್ಚುವ ಬುಟ್ಟಿ ತರಹ ಉಬ್ಬಿಸಿದ್ದು. ನನಗೆ ಅದು ಬೇಡವಾಗಿತ್ತು. ಎರಡು ವರ್ಷದ ಹಿಂದೆ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿಗೆ ಗೆಳತಿಯ ಅಕ್ಕನ ಮದುವೆಗೆ ಹೋಗಿದ್ದೆ. ಆ ಹುಡುಗಿ ಹಾಕಿದ್ದು ಸಾದಾ ಸ್ಯಾಟಿನ್. ಒಂದು ಮಣಿ ಇಲ್ಲ, ಒಂದು ಎಳೆ ಜರಿ ಇಲ್ಲ. ಅವಳು ನಡೆದು ಬರುವಾಗ, ಎಣ್ಣೆ ಹಚ್ಚಿ ಬಾಚಿದ ಜಡೆ ಮೇಲೆ ಬೆಳಕು ಜಾರುತ್ತದಲ್ಲ, ಹಾಗೆ ಮೈತುಂಬ ಬೆಳಕು ಜಾರುತ್ತಿತ್ತು. ಅವತ್ತೇ ಮನಸ್ಸಿಗೆ ಬಂದುಬಿಟ್ಟಿತ್ತು.

ನನ್ನ ಮದುವೆ ಜನವರಿ ಎರಡನೇ ವಾರಕ್ಕೆ ನಿಶ್ಚಯವಾಯಿತು. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ, ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲ ಶುರುವಾದರೆ ನಮ್ಮಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಕ್ರಿಸ್ಮಸ್ ಕಳೆಯಬೇಕು. ಅಲ್ಲಿಗೆ ನನ್ನ ಕೈಯಲ್ಲಿ ಆರು ತಿಂಗಳಿತ್ತು. ಆರು ತಿಂಗಳಲ್ಲಿ ಮೂರೂವರೆ ತಿಂಗಳು ಮಳೆ.

ಮೊದಲು ಮಾಡಿದ್ದೇ ದಡ್ಡತನ. ಫೋನಿನಲ್ಲಿ ಚೆಂದದ ಫೋಟೋ ನೋಡಿ ಒಂದು ರೆಡಿಮೇಡ್ ಗೌನ್ ತರಿಸಿದೆ. ಕವರ್ ಬಿಚ್ಚಿದಾಗಲೇ ಗೊತ್ತಾಯಿತು. ಬೆಳಕಿಗೆ ಹಿಡಿದರೆ ಆಚೆ ಕಡೆಯ ಕಿಟಕಿ ಸರಳು ಎಣಿಸಬಹುದು. ಹಾಕಿಕೊಂಡರೆ ತೊಡೆಗೆ ಅಂಟಿಕೊಂಡಿತು. ಹೊಲಿಗೆ ಇದ್ದಲ್ಲೆಲ್ಲ ಬಟ್ಟೆ ಸುಕ್ಕುಸುಕ್ಕು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, “ಚೆನ್ನಾಗಿದೆ” ಅಂದು ತೋಟಕ್ಕೆ ಹೋಗಿಬಿಟ್ಟರು. ಅಪ್ಪ ಎರಡನೇ ಮಾತು ಆಡಲಿಲ್ಲ ಅಂದರೆ ಚೆನ್ನಾಗಿಲ್ಲ ಅಂತಲೇ ಅರ್ಥ. ವಾಪಸ್ ಕಳಿಸಿದೆ.

ಆಮೇಲೆ ಶಿವಮೊಗ್ಗ. ಚಿಕ್ಕಮ್ಮ ಇರುವುದು ವಿನೋಬನಗರದಲ್ಲಿ. ಅವರನ್ನು ಕರೆದುಕೊಂಡು ಗಾಂಧಿ ಬಜಾರ್, ನೆಹರೂ ರಸ್ತೆ, ದುರ್ಗಿಗುಡಿ ಎಲ್ಲ ಸುತ್ತಿದೆ. ಸೀರೆ ಬೇಕಾದರೆ ಒಂದು ಗಂಟೆಯಲ್ಲಿ ಮದುವೆ ಮುಗಿಸಬಹುದು. ಬಿಳಿ ಸ್ಯಾಟಿನ್ ಅಂದರೆ ಅಂಗಡಿಯವರು ನೇರ ಲೈನಿಂಗ್ ಥಾನ್ ಇಳಿಸುತ್ತಿದ್ದರು. “ಎಷ್ಟು ಬ್ಲೌಸಿಗೆ ಬೇಕಮ್ಮಾ?” “ಬ್ಲೌಸಿಗಲ್ಲ, ಮದುವೆ ಗೌನಿಗೆ” ಅಂದರೆ ನನ್ನ ಮುಖ ನೋಡಿ, ಚಿಕ್ಕಮ್ಮನ ಮುಖ ನೋಡಿ, ನೆಟ್ ಬಟ್ಟೆ ತೆಗೆಯುವವರು. ಒಬ್ಬರು ಮಾತ್ರ ತಡೆದು ಹೇಳಿದರು: “ಮೇಡಂ, ಸ್ಯಾಟಿನ್ ಅಂದ್ರೆ ನೂರು ತರ ಇದೆ. ಯಾವುದು ಅಂತ ತಿಳ್ಕೊಂಡು ಬನ್ನಿ.”

ಅದು ನಿಜ. ನಾನು ಅಲ್ಲಿವರೆಗೆ ಸ್ಯಾಟಿನ್ ಅಂದರೆ ಒಂದು ನೂಲಿನ ಹೆಸರು ಅಂದುಕೊಂಡಿದ್ದೆ, ಹತ್ತಿ, ರೇಷ್ಮೆ ಇದ್ದಹಾಗೆ. ಸ್ಯಾಟಿನ್ ಅನ್ನುವುದು ನೇಯುವ ರೀತಿಯ ಹೆಸರು. ಚಾಪೆ ನೆನಪಿಸಿಕೊಳ್ಳಿ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಸಾದಾ ಬಟ್ಟೆಯೂ ಹಾಗೇ. ಸ್ಯಾಟಿನ್‌ನಲ್ಲಿ ಉದ್ದಕ್ಕೆ ಹೋಗುವ ಹಾಸಿನ ನೂಲು ಅಡ್ಡಕ್ಕೆ ಬರುವ ಹೊಕ್ಕಿನ ನಾಲ್ಕೋ ಏಳೋ ಎಳೆಗಳ ಮೇಲೆ ಹಾರಿ, ಒಂದರ ಕೆಳಗೆ ಮಾತ್ರ ನುಸುಳುತ್ತದೆ. ಮೇಲೆ ಉದ್ದುದ್ದ ಮಲಗಿರುವ ಆ ನೂಲಿನಿಂದಲೇ ಹೊಳಪು. ಉಗುರು, ಬಳೆ, ಉಂಗುರ ಸಿಕ್ಕಿಕೊಂಡು ಎಳೆ ಕೀಳುವುದೂ ಅದರಿಂದಲೇ. ನೂಲು ರೇಷ್ಮೆಯದ್ದಾದರೆ ರೇಷ್ಮೆ ಸ್ಯಾಟಿನ್, ಪಾಲಿಯೆಸ್ಟರ್ ಆದರೆ ಪಾಲಿಯೆಸ್ಟರ್ ಸ್ಯಾಟಿನ್. ಅಜ್ಜಿಯ ಒಳಲಂಗಕ್ಕೂ 1840ರಲ್ಲಿ ವಿಕ್ಟೋರಿಯಾ ರಾಣಿ ಮದುವೆಗೆ ಹಾಕಿದ ಬಿಳಿ ಗೌನಿಗೂ ನೇಯ್ಗೆ ಒಂದೇ. (ರಾಣಿ ಹಾಗೆ ಬಿಳಿ ಉಟ್ಟಮೇಲೆಯೇ ಮದುವೆಗೆ ಬಿಳಿ ಅನ್ನುವುದು ಅಲ್ಲಿ ಜಾಸ್ತಿಯಾಗಿದ್ದು. ಇದನ್ನು ಅಜ್ಜಿಗೆ ಹೇಳಿದೆ. “ಅವಳಿಗೆ ನಮ್ಮ ಕೆಸರು ಇರಲಿಲ್ಲ” ಅಂದಳು.)

ಆಗಸ್ಟಿನಲ್ಲಿ ಒಂದು ದಿನ ಚಿಕ್ಕಮ್ಮ ಮತ್ತು ನಾನು ಬೆಳಗಿನ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋದೆವು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಾಡಿಗೆ ಗೌನ್ ಕೂಡ ನೋಡಿದೆ. ಖರ್ಚು ಕಡಿಮೆ, ಆದರೆ ಎಲ್ಲವೂ ನನಗಿಂತ ಅರ್ಧ ಅಡಿ ಎತ್ತರದವರಿಗೆ ಹೊಲಿದವು. ನನ್ನ ಎತ್ತರ ಐದು ಅಡಿ ಒಂದಿಂಚು. ಬಾಡಿಗೆಯದ್ದನ್ನು ಕತ್ತರಿಸುವ ಹಾಗಿಲ್ಲ, ಮಡಚಿ ಹೊಲಿದರೆ ಸ್ಯಾಟಿನ್‌ನಲ್ಲಿ ಮಡಿಕೆ ಎದ್ದು ಕಾಣುತ್ತದೆ. ಹಾಗಾಗಿ ಬಟ್ಟೆ ತಂದು ಹೊಲಿಸುವುದೇ ಎಂದಾಯಿತು.

ಥಾನ್ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಸೇಲ್ಸ್‌ಮನ್ ಇದ್ದರು. ಅವರು ಮಾಡಿದ್ದು ಒಂದೇ ಕೆಲಸ. ನಾಲ್ಕು ಬಗೆಯ ಸ್ಯಾಟಿನ್ ತೆಗೆದು, ಒಂದೊಂದರ ನಡುಮಧ್ಯ ಚಿಮಟಿಗೆಯಲ್ಲಿ ಹಿಡಿದು ಎತ್ತಿ ತೋರಿಸಿದರು. ಡಚೆಸ್ ಅನ್ನುವುದು ಅಂಗಡಿ ಮೇಜಿನ ಮೇಲೆ ಡೇರೆ ಹಾಗೆ ನಿಂತುಕೊಂಡಿತು. ದಪ್ಪ, ಬಿಗಿ. ಶಾರ್ಮ್ಯೂಸ್ ಅನ್ನುವುದು ಕೈಯಿಂದ ಗಂಜಿ ಸುರಿದ ಹಾಗೆ ಇಳಿಯಿತು. ರೇಷ್ಮೆಯ ಸ್ಯಾಟಿನ್ ಎರಡರ ನಡುವೆ, ಹೊಳಪು ಮಾತ್ರ ಬೇರೆಯೇ, ಒಳಗಿನಿಂದ ಬಂದ ಹಾಗೆ. ನಾಲ್ಕನೆಯದು ಕ್ರೇಪ್ ಬ್ಯಾಕ್. ಒಂದು ಮುಖ ಹೊಳೆಯುತ್ತದೆ, ತಿರುಗಿಸಿದರೆ ಮೈಸೂರು ಸಿಲ್ಕ್ ಸೀರೆಯ ಮೈ ಇದ್ದಹಾಗೆ ಮಂದ, ಸಣ್ಣ ತರಿತರಿ. ಹೊಕ್ಕಿನ ನೂಲನ್ನು ಚೆನ್ನಾಗಿ ಹುರಿ ಮಾಡಿ ನೇಯುತ್ತಾರಂತೆ, ಅದಕ್ಕೆ ಹಿಂಬದಿ ಹಾಗೆ. ಮೈಸೂರು ಸಿಲ್ಕ್ ಕ್ರೇಪ್ ಆಗುವುದೂ ನೂಲಿನ ಹುರಿಯಿಂದಲೇ.

ಚಿಕ್ಕಮ್ಮ ರೇಷ್ಮೆಯದ್ದೇ ತಗೊಳೋಣ ಅಂದರು. ಮೀಟರಿಗೆ 1,900 ರೂಪಾಯಿ. ನನ್ನ ಕಣ್ಣೂ ಅಲ್ಲೇ ಇತ್ತು. ಆದರೆ ಅವತ್ತು ನನ್ನ ಪುಣ್ಯ, ಹೊಟ್ಟೆ ಹಸಿದಿತ್ತು, ತಲೆ ಓಡುತ್ತಿರಲಿಲ್ಲ. “ನಾಲ್ಕರಲ್ಲೂ ಕಾಲು ಕಾಲು ಮೀಟರ್ ಕೊಡಿ, ಮನೆಗೆ ಹೋಗಿ ಯೋಚನೆ ಮಾಡ್ತೀನಿ” ಅಂದೆ. ಅವರು ಬೇಜಾರು ಮಾಡಿಕೊಳ್ಳದೆ ಕತ್ತರಿಸಿ ಕೊಟ್ಟರು.

ಈ ನಾಲ್ಕು ತುಂಡುಗಳೇ ನನ್ನ ಮದುವೆ ಗೌನನ್ನು ನಿರ್ಧರಿಸಿದವು. ಯಾರಾದರೂ ಸ್ಯಾಟಿನ್ ಕೊಳ್ಳುವವರಿದ್ದರೆ ನಾನು ಹೇಳುವುದು ಇದನ್ನೇ: ಮೊದಲು ತುಂಡು ತನ್ನಿ, ಅದಕ್ಕೆ ಸರಿಯಾಗಿ ಕಾಟ ಕೊಡಿ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ನಾಲ್ಕೂ ತುಂಡನ್ನು ಬಸ್ ಸೀಟಿನ ಮೇಲೆ ಹಾಸಿ ಅದರ ಮೇಲೆ ಕುಳಿತೆ. ಪಕ್ಕದಲ್ಲಿ ಕುಳಿತ ಹೆಂಗಸು ಏನೂ ಕೇಳಲಿಲ್ಲ, ಆದರೆ ಮಂಡಗದ್ದೆ ಬರುವವರೆಗೂ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದರು. ಮನೆಗೆ ಬಂದು ನೋಡಿದರೆ ಡಚೆಸ್ ಮೇಲೆ ಕಾಗದ ಮಡಚಿದಂಥ ಗೆರೆ. ಶಾರ್ಮ್ಯೂಸ್ ಮೇಲೆ ಮೆತ್ತಗಿನ ಸುಕ್ಕು. ರೇಷ್ಮೆ ಮುದುಡಿ ಹೋಗಿತ್ತು. ಪಾಲಿಯೆಸ್ಟರಿನ ಕ್ರೇಪ್ ಬ್ಯಾಕ್‌ನಲ್ಲಿ ಹೊಳೆಯುವ ಮುಖದಲ್ಲಿ ಗೆರೆ ಕಂಡಿತು, ಅದೇ ತುಂಡನ್ನು ತಿರುಗಿಸಿದರೆ ಹುಡುಕಬೇಕು!

ಆಮೇಲೆ ನೀರು. ಹೆಂಚಿನ ಅಂಚಿನಿಂದ ಬೀಳುವ ಒಂದೊಂದು ಹನಿಗೆ ಒಂದೊಂದು ತುಂಡು ಹಿಡಿದೆ. ಪಾಲಿಯೆಸ್ಟರಿನ ಮೂರೂ ಒಣಗಿ ಸುಮ್ಮನಾದವು. ರೇಷ್ಮೆ ಮೇಲೆ ಹನಿ ಒಣಗಿದ ಜಾಗದಲ್ಲಿ ಅಂಚು ಕಟ್ಟಿದ ಉಂಗುರ ಉಳಿಯಿತು. ಕಣ್ಣೀರು ಬಿದ್ದರೂ ಇಷ್ಟೇ ಅಲ್ವಾ ಅಂತ ಯೋಚಿಸಿದೆ. ನಾನು ಬೇರೆ ಅಳುಮುಂಜಿ.

ಕೊನೆಗೆ ಚೊಗರು. ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಸುಲಿದ ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಕಡುಕೆಂಪು ರಸ. ಮುಂದಿನ ವರ್ಷ ಅಡಿಕೆಗೆ ಬಣ್ಣ ಕೊಡಲು ಅದನ್ನು ಕಾದಿಡುತ್ತಾರೆ. ಬಟ್ಟೆಗೆ ತಾಗಿದರೆ ಬಟ್ಟೆ ಹೋಗುತ್ತದೆ, ಚೊಗರು ಹೋಗುವುದಿಲ್ಲ. ಮದುವೆ ಜನವರಿಯಲ್ಲಿ, ಮನೆಯಲ್ಲಿ ಅಡಿಕೆ ಕೊಯ್ಲು ಇನ್ನೂ ಮುಗಿದಿರುವುದಿಲ್ಲ. ಹಂಡೆ, ಚಪ್ಪರ, ಸುಲಿಯುವವರ ಕೈ, ಅಪ್ಪನ ಅಂಗಿ, ಎಲ್ಲ ಕಡೆ ಅದೇ. ಹಳೇ ಚೊಗರಿನಲ್ಲಿ ಬೆರಳು ಅದ್ದಿ ನಾಲ್ಕಕ್ಕೂ ಒತ್ತಿದೆ. ಕೂಡಲೇ ಸೋಪು ಹಾಕಿ ಉಜ್ಜಿದೆ. ರೇಷ್ಮೆ ಅದನ್ನು ಕುಡಿದುಬಿಟ್ಟಿತ್ತು. ಪಾಲಿಯೆಸ್ಟರ್ ಮೇಲೆ ಚಹಾದ ಕಲೆಯಷ್ಟು ಉಳಿಯಿತು. ಅಲ್ಲಿಗೆ 1,900ರ ಆಸೆ ಮುಗಿಯಿತು. ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದರೆ, “ಮದುವೆ ದಿನ ನಿನ್ನ ಗೌನಿಗೆ ಯಾರು ಮಾರಾಯ್ತಿ ಚೊಗರು ಬಳೀತಾರೆ?” ಅಂದರು.

ಬಣ್ಣದ ವಿಷಯ ಬೇಗ ಮುಗಿಯಿತು. ಅಪ್ಪಟ ಬಿಳಿ ಪಾಲಿಯೆಸ್ಟರ್ ಟ್ಯೂಬ್‌ಲೈಟಿನಲ್ಲಿ ನೀಲಿ ಹೊಡೆಯುತ್ತದೆ. ನೀಲಿ ಜಾಸ್ತಿಯಾದ ಪಂಚೆ ಹಾಗೆ. ಅದರ ಪಕ್ಕ ನನ್ನ ಕೈ ಇಟ್ಟರೆ ಕೈ ಬೂದಿ ಬಣ್ಣ. ಹಾಲಿನ ಕೆನೆ ಬಣ್ಣ ಇಟ್ಟ ಕೂಡಲೇ ಅಮ್ಮ “ಇದೇ” ಅಂದರು.

ಕೆನೆ ಬಣ್ಣದ ಕ್ರೇಪ್ ಬ್ಯಾಕ್, ಮೀಟರಿಗೆ 420 ರೂಪಾಯಿ. ಎಷ್ಟು ಮೀಟರ್ ಅಂತ ಹೊಲಿಯುವವರನ್ನು ಕೇಳದೆ ಕೊಳ್ಳಬಾರದು. ನಮ್ಮ ಹೊಲಿಗೆ ಅಕ್ಕ ಇರುವುದು ಶಿವಮೊಗ್ಗದಲ್ಲಿ. ಚಿಕ್ಕವರಿದ್ದಾಗ ಕಾನ್ವೆಂಟಿನ ಸಿಸ್ಟರ್‌ಗಳ ಹತ್ತಿರ ಹೊಲಿಗೆ ಕಲಿತವರು. ಚಿಕ್ಕವಳಿದ್ದಾಗ ಚರ್ಚಿನಲ್ಲಿ ನಾನು ಮೊದಲ ಸಲ ಪರಮಪ್ರಸಾದ ತಗೊಂಡ ದಿನದ ಫ್ರಾಕ್ ಹೊಲಿದಿದ್ದೂ ಅವರೇ. “ಒಂಬತ್ತು ಮೀಟರ್” ಅಂದರು. ನನ್ನಷ್ಟು ಗಿಡ್ಡ ಹುಡುಗಿಗೆ ಒಂಬತ್ತು ಮೀಟರ್ ಯಾಕೆ ಅಂತ ಕೇಳಿದೆ. ಅವರು ಎರಡು ಚೂರು ತೆಗೆದು ಪಕ್ಕಪಕ್ಕ ಇಟ್ಟು, ಒಂದನ್ನು ತಲೆಕೆಳಗು ಮಾಡಿದರು. ಬೇರೆ ಬೇರೆ ಬಟ್ಟೆ ಅನ್ನಿಸಿತು. ಒಂದು ತಿಳಿ, ಒಂದು ಗಾಢ. ಸ್ಯಾಟಿನ್‌ನಲ್ಲಿ ಎಲ್ಲ ತುಂಡನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಬೇಕು. ಉಳಿಸಲು ಹೋಗಿ ಒಂದನ್ನು ತಿರುಗಿಸಿದರೆ ಬೆನ್ನಿನ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು.

ಅವರು ಸ್ಯಾಟಿನ್ ಮುಟ್ಟುವ ಮೊದಲು ಕೋರಾ ಬಟ್ಟೆಯಲ್ಲಿ ಇಡೀ ಗೌನ್ ಹೊಲಿದರು. ನನಗೆ ದಂಡ ಅನ್ನಿಸಿತ್ತು. ಕಾರಣ ಆಮೇಲೆ ತಿಳಿಯಿತು. ಸ್ಯಾಟಿನ್‌ನಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಸಾಲಾಗಿ ಉಳಿಯುತ್ತದೆ, ಮುಚ್ಚುವುದಿಲ್ಲ. ಗುಂಡುಸೂಜಿಯನ್ನೂ ಅಂಚಿನೊಳಗೆ ಹೊಲಿಗೆಯ ಹಿಂದೆ ಮಾತ್ರ ಚುಚ್ಚಬೇಕು. ತಿದ್ದುವುದೆಲ್ಲ ಕೋರಾದಲ್ಲೇ ಆಗಬೇಕು. ಮೂರು ಸಲ ಹೋದೆ. ಪ್ರತಿ ಸಲವೂ ಮದುವೆ ದಿನದ ಚಪ್ಪಲಿ, ಅದೇ ಒಳಉಡುಪು ಹಾಕಿಕೊಂಡೇ ನಿಲ್ಲಬೇಕು ಅಂತ ಕಟ್ಟಪ್ಪಣೆ. ಮೆಷಿನ್ನಿಗೆ ಹೊಸದಾಗಿ ತೆಳ್ಳಗಿನ 9ನೇ ನಂಬರ್ ಸೂಜಿ ಹಾಕಿದ್ದರು. ಜೀನ್ಸ್ ಹೊಲಿದ ಸೂಜಿಯಲ್ಲಿ ಇದನ್ನು ಹೊಲಿದರೆ ಎಳೆ ಎಳೆ ಎದ್ದು ಬರುತ್ತದಂತೆ.

ತೋಳು, ಕುತ್ತಿಗೆ ಬಗ್ಗೆ ನಾವು ಜಗಳವಾಡಲಿಲ್ಲ. ಫಾದರ್ ಮೊದಲೇ ಹೇಳಿದ್ದರು, ಭುಜ ಮುಚ್ಚಿರಲಿ ಅಂತ. ಜಗಳವಾಗಿದ್ದು ಹೊಳಪಿನ ಬಗ್ಗೆ.

ಅಕ್ಕ ಬಟ್ಟೆಯನ್ನು ನನ್ನ ಸೊಂಟಕ್ಕೆ ಸುತ್ತಿ, ಹೊಳೆಯುವ ಮುಖ ಹೊರಗೆ ಮಾಡಿ, “ಚರ್ಚಿನಲ್ಲಿ ಊರುವ ಹಾಗೆ ಮೊಣಕಾಲೂರು” ಅಂದರು. ಊರಿದೆ. ಅವರು ಒಳಗೆ ಹೋಗಿ ಚಹಾ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದರು. ಹತ್ತು ನಿಮಿಷ ಆಗಿರಬಹುದು. ಎದ್ದು ನಿಂತೆ. ಕನ್ನಡಿಯಲ್ಲಿ ನೋಡಿದರೆ ತೊಡೆಸಂದಿಯಿಂದ ಮೊಣಕಾಲವರೆಗೆ ಅಡ್ಡಡ್ಡ ಬಿಳಿ ಗೆರೆಗಳು, ಒಡೆದ ಗದ್ದೆ ಹಾಗೆ. ಅವರು ಫೋನಿನ ಟಾರ್ಚ್ ಹಾಕಿ ಹೊಟ್ಟೆ ಮೇಲೆ ಬಿಟ್ಟರು. ಹೊಟ್ಟೆ ಹೊಸ ಪಾತ್ರೆ ಹಾಗೆ ಹೊಳೆಯಿತು.

“ಹೊಳಪು ಎಲ್ಲಿದೆಯೋ ನೋಡೋರ ಕಣ್ಣು ಅಲ್ಲಿಗೇ ಹೋಗುತ್ತೆ. ಎಲ್ಲಿಗೆ ಹೋಗಬೇಕು ಅಂತ ನೀನು ಹೇಳು” ಅಂದರು.

ನನಗೆ ಅಳು ಬಂತು. ಮೊದಲೇ ಹೇಳಿದೆನಲ್ಲ. ನಾನು ಆಸೆಪಟ್ಟಿದ್ದೇ ಆ ಮೈತುಂಬದ ಹೊಳಪು. ಅದನ್ನು ಬಿಟ್ಟರೆ ಸ್ಯಾಟಿನ್ ಯಾಕೆ? ಅಕ್ಕ ಉತ್ತರ ಕೊಡದೆ ಬಟ್ಟೆ ತಿರುಗಿಸಿ ಸುತ್ತಿದರು. ಮಂದ ಮುಖ ಹೊರಗೆ. ಮತ್ತೆ ಮೊಣಕಾಲು, ಮತ್ತೆ ಹತ್ತು ನಿಮಿಷ. ಈ ಸಲ ಗೆರೆ ಇತ್ತು, ಆದರೆ ಕಾಣುತ್ತಿರಲಿಲ್ಲ. “ಈಗ ನಡಿ” ಅಂದರು. ನಡೆದೆ. ಹೆಜ್ಜೆ ಇಟ್ಟಾಗ ಅಂಚು ತಿರುಗಿ ಒಳಗಿನ ಹೊಳಪು ಒಮ್ಮೆ ಮಿಂಚಿ ಮುಚ್ಚಿಕೊಂಡಿತು. ಇನ್ನೊಂದು ಹೆಜ್ಜೆ, ಇನ್ನೊಂದು ಮಿಂಚು. ಒಳಮುಖ ನುಣುಪಾಗಿದ್ದರಿಂದ ಕಾಲಿಗೆ ತೊಡರಲೂ ಇಲ್ಲ.

ಕೊನೆಗೆ ಒಪ್ಪಂದ ಹೀಗಾಯಿತು. ಎದೆಯ ಮೇಲ್ಭಾಗ, ತೋಳು, ಸೊಂಟದ ಎರಡಿಂಚಿನ ಪಟ್ಟಿ ಹೊಳೆಯುವ ಮುಖ. ಉಳಿದ ಮೇಲಂಗಿ, ಪೂರ್ತಿ ಲಂಗ ಮಂದ ಮುಖ. ಒಂದೇ ಬಟ್ಟೆ, ಬಣ್ಣ ಹೊಂದಿಸುವ ತಲೆನೋವಿಲ್ಲ. ಮೈಗೆ ತಾಗುವಲ್ಲಿ ಹತ್ತಿಯ ಮಲ್ ಬಟ್ಟೆಯ ಲೈನಿಂಗ್. ಹಿಂದೆ ಎಳೆದುಕೊಂಡು ಹೋಗುವ ಸೆರಗು ಒಂದೂವರೆ ಅಡಿ ಮಾತ್ರ. ನಮ್ಮೂರ ಚರ್ಚಿನಲ್ಲಿ ಬೆಂಚುಗಳ ನಡುವೆ ಇಬ್ಬರು ಅಕ್ಕಪಕ್ಕ ನಡೆಯುವುದೇ ಕಷ್ಟ, ಅಲ್ಲಿ ಆರಡಿ ಸೆರಗು ಬಿಟ್ಟರೆ ಹಿಂದಿನವರು ತುಳಿದೇ ತುಳಿಯುತ್ತಾರೆ. ಅಂಗಳಕ್ಕೆ ಇಳಿದ ಕೂಡಲೇ ಎತ್ತಿ ಸಿಕ್ಕಿಸಲು ಒಳಗೆ ಒಂದು ಕುಣಿಕೆ, ಒಂದು ಗುಂಡಿ. ಹೊಲಿಗೆಗೆ 9,000 ತಗೊಂಡರು. ಕಡಿಮೆಯಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಬಟ್ಟೆಯನ್ನು ಮಳೆಗಾಲ ಮುಗಿಯುವವರೆಗೆ ನಮ್ಮ ಮನೆಗೆ ತರಲೇ ಇಲ್ಲ. ನಮ್ಮಲ್ಲಿ ಆಗಸ್ಟಿನಲ್ಲಿ ಬೀರು ತೆಗೆದರೆ ಬೂಷ್ಟಿನ ವಾಸನೆ. ಅದರಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಒಳಗೇ ಉಳಿದು ಚುಕ್ಕೆ ಬೀಳುತ್ತದೆ. ಹೊಲಿದು ಮುಗಿದಮೇಲೆ ಅಪ್ಪನ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ಮಡಚದೆ ಹ್ಯಾಂಗರಿಗೆ ಹಾಕಿ, ಕ್ರಿಸ್ಮಸ್ಸಿನ ಮಾರನೇ ದಿನ ಮನೆಗೆ ತಂದೆ. ಕಾರಿನ ಹಿಂದಿನ ಸೀಟಿನಲ್ಲಿ ಅದೊಂದೇ ಮಲಗಿ ಬಂತು. ನಾನು, ಅಮ್ಮ ಮುಂದೆ ಒತ್ತಿಕೊಂಡು ಕುಳಿತಿದ್ದೆವು.

ಅವತ್ತು ಅಂಗಳದಲ್ಲಿ ಅಡಿಕೆ ಸುಲಿಯಲು ಏಳೆಂಟು ಜನ ಕುಳಿತಿದ್ದರು. ಗೌನ್ ಬಂತು ಅಂದ ಕೂಡಲೇ ಎಲ್ಲರೂ ಎದ್ದು ಬಂದರು. ನನ್ನ ಎದೆ ಡವಡವ. ಬೇಡ ಅನ್ನುವ ಹಾಗಿಲ್ಲ, ಚಿಕ್ಕವಳಿದ್ದಾಗಿನಿಂದ ನನ್ನನ್ನು ಎತ್ತಿ ಆಡಿಸಿದವರು. ಆದರೆ ನಾನು ಬಾಯಿ ಬಿಡುವ ಮೊದಲೇ ಎಲ್ಲರೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಾಲಾಗಿ ನಿಂತರು. ಚೊಗರಿನ ಕೈ ಏನು ಮಾಡುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರಲ್ಲಿ ಹಿರಿಯಕ್ಕನಿಗೆ ಮಾತ್ರ ಮುಟ್ಟದೆ ಇರಲು ಆಗಲಿಲ್ಲ. ಕೈ ಹಿಂದೆಯೇ ಇಟ್ಟುಕೊಂಡು, ಬಗ್ಗಿ, ತೋಳಿನ ಹೊಳಪಿಗೆ ಕೆನ್ನೆ ತಾಗಿಸಿದರು. “ತಣ್ಣಗಿದೆ ಕಣೇ” ಅಂದರು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಕೆನ್ನೆ ತಾಗಿಸಿ ನೋಡಿದರು.

ಮದುವೆ ದಿನ ಬೆಳಿಗ್ಗೆ ಇಸ್ತ್ರಿ ಮಾಡುವ ಹೊತ್ತಿಗೆ ಸಣ್ಣ ಅವಘಡವಾಯಿತು. ಅಕ್ಕ ಹೇಳಿದ್ದು ಇಷ್ಟು: ಹಿಂಬದಿಯಿಂದ, ಮೇಲೆ ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ. ಗಡಿಬಿಡಿಯಲ್ಲಿ ನನ್ನ ತಮ್ಮ ಅವನ ಅಂಗಿಗೆ ಇಟ್ಟ ಬಿಸಿಯಲ್ಲೇ ಅಂಚಿಗೆ ಒತ್ತಿಬಿಟ್ಟ. ಎರಡು ಬೆರಳಗಲ ಜಾಗ ಕರಗಿ ಗಾಜಿನ ಹಾಗೆ ನುಣ್ಣಗಾಯಿತು. ಅಂಚಿನ ಒಳಬದಿ, ಹಿಂದೆ. ಯಾರಿಗೂ ಕಾಣಲಿಲ್ಲ. ತಮ್ಮ ಮಾತ್ರ ಚರ್ಚಿನಲ್ಲಿ ಪೂಜೆ ಮುಗಿಯುವವರೆಗೂ ಅಲ್ಲೇ ನೋಡುತ್ತಿದ್ದ.

ಪೂಜೆಯಲ್ಲಿ ನಾನು ಅತ್ತುಬಿಟ್ಟೆ. ಮೂರು ಸಲ. ಹನಿ ಎದೆಯ ಹೊಳಪಿನ ಮೇಲೇ ಬಿತ್ತು, ಒಣಗಿತು, ಗುರುತಿಲ್ಲ. ಮೊಣಕಾಲೂರಿ ಎದ್ದಾಗ ಗೆರೆ ಕಾಣಲಿಲ್ಲ. ಅಂಗಳದಲ್ಲಿ ಕೆಂಪು ಧೂಳು ಮಾತ್ರ ಅಂಚಿಗೆ ಒಂದಿಂಚು ಹತ್ತಿತು, ಕುಣಿಕೆ ಸಿಕ್ಕಿಸುವುದನ್ನು ಚಿಕ್ಕಮ್ಮ ಮರೆತಿದ್ದರು. ಸಂಜೆ ಕೆಂಪು ರೇಷ್ಮೆ ಸೀರೆ ಉಟ್ಟೆ. ಅಜ್ಜಿ ಆಗ ನನ್ನ ಜೊತೆ ಫೋಟೋ ತೆಗೆಸಿಕೊಂಡಳು.

ಒಂಬತ್ತು ಮೀಟರಿನಲ್ಲಿ ಎರಡು ಮೀಟರ್ ಉಳಿದಿತ್ತು. ಹೊಲಿಗೆ ಅಕ್ಕ ಮಡಚಿ ಕವರಿನಲ್ಲಿ ಕೊಟ್ಟಿದ್ದರು. ಮದುವೆಯಾಗಿ ತಿಂಗಳ ಮೇಲೆ ತವರಿಗೆ ಹೋದಾಗ ಆ ಕವರ್ ಖಾಲಿ. ಕೇಳಿದರೆ ಅಜ್ಜಿ ಸೀರೆಯ ನೆರಿಗೆ ಸ್ವಲ್ಪ ಎತ್ತಿ ತೋರಿಸಿದಳು. ಕೆನೆ ಬಣ್ಣದ ಒಳಲಂಗ, ಹೊಳೆಯುವ ಮುಖ ಹೊರಗೆ.